ಫೋಟೊ ಮಸುಕಾದರೆ ಲೆನ್ಸ್‌ಗೆ ಬೈಯುವ ಮೊದಲು

ದಸರಾ ಮುಗಿದ ಮಾರನೇ ದಿನ ಭಾವನ ಫೋನ್. ಹುಲಿವೇಷದ್ದು ಇನ್ನೂರು ಫೋಟೊ ತೆಗೆದಿದ್ದರಂತೆ, ಒಂದೂ ಸರಿ ಬಂದಿಲ್ಲವಂತೆ. "ಲೆನ್ಸ್ ಹೋಗಿದೆ ಮಾರಾಯ, ಯಾರಾದರೂ ತಗೊಳ್ಳುವವರು ಇದ್ದರೆ ಹೇಳು" ಎಂದರು.

"ಭಾವ, ನೀವು ಫೋಟೊ ನೋಡಿದ್ದು ಎಲ್ಲಿ?"

"ಎಲ್ಲಿ ಅಂದರೆ ಎಂತ? ಫ್ಯಾಮಿಲಿ ಗ್ರೂಪಿನಲ್ಲಿ."

ಸಂಜೆ ಕ್ಯಾಮೆರಾ ಹಿಡಿದುಕೊಂಡೇ ಬಂದರು. ಕಾರ್ಡಿನಲ್ಲಿದ್ದ ಮೂಲ ಫೈಲ್ ತೆರೆದು ಹಿಗ್ಗಿಸಿದೆ. ಹುಲಿಯ ಹೊಟ್ಟೆಯ ಮೇಲೆ ಬಣ್ಣ ಒಣಗಿ ಬಿರುಕು ಬಿಟ್ಟ ಗೆರೆಗಳನ್ನು ಎಣಿಸಬಹುದಿತ್ತು. ಲೆನ್ಸ್‌ಗೆ ಏನೂ ಆಗಿರಲಿಲ್ಲ. ಫೋಟೊ ಕೆಟ್ಟದ್ದು ದಾರಿಯಲ್ಲಿ.

ಈ ಬರಹ ಕನ್ನಡಿ ಇಲ್ಲದ (ಮಿರರ್‌ಲೆಸ್), ಲೆನ್ಸ್ ಬದಲಿಸಬಹುದಾದ ಸಣ್ಣ ಕ್ಯಾಮೆರಾ ಇಟ್ಟುಕೊಂಡವರಿಗೆ. ಒಲಿಂಪಸ್ ಮತ್ತು ಪ್ಯಾನಸಾನಿಕ್ 2008ರಲ್ಲಿ ಶುರು ಮಾಡಿದ ಮೈಕ್ರೊ ಫೋರ್ ಥರ್ಡ್ಸ್ ಮಾದರಿ ಆಗಲಿ (ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, 17.3 x 13 ಮಿ.ಮೀ.), ಅದಕ್ಕಿಂತ ಸ್ವಲ್ಪ ದೊಡ್ಡ ಸೆನ್ಸರ್‌ನ ಎಪಿಎಸ್-ಸಿ ಆಗಲಿ, ರೋಗಗಳು ಹೆಚ್ಚುಕಡಿಮೆ ಒಂದೇ. ಮಂಗಳೂರು, ಉಡುಪಿ ಕಡೆ ಇರುವವರಿಗೆ ಒಂದೆರಡು ರೋಗ ಜಾಸ್ತಿ. ಅದು ಇಲ್ಲಿನ ಗಾಳಿಯ ಉಪಕಾರ.

ಎಲ್ಲಕ್ಕಿಂತ ಮೊದಲು: ಎಲ್ಲಿ ಕೆಟ್ಟಿದೆ?

ಖರ್ಚಿಲ್ಲದ ಪರೀಕ್ಷೆ ಇದು, ಎರಡು ನಿಮಿಷ ಸಾಕು. ಕ್ಯಾಮೆರಾದ ಹಿಂದಿನ ಪರದೆಯಲ್ಲೇ ಫೋಟೊ ತೆರೆದು, ಪೂರ್ತಿ ಹಿಗ್ಗಿಸಿ, ಕಣ್ಣು ಅಥವಾ ಯಾವುದಾದರೂ ಅಕ್ಷರ ಇರುವ ಜಾಗ ನೋಡಿ. ಅಲ್ಲಿ ಸರಿ ಇದ್ದು ಫೋನಿನಲ್ಲಿ ಕೆಟ್ಟಿದ್ದರೆ ತಪ್ಪು ಕಳಿಸಿದ ಬಗೆಯಲ್ಲಿ. ಅಲ್ಲೇ ಕೆಟ್ಟಿದ್ದರೆ ತಪ್ಪು ಗಾಜಿನಲ್ಲಿ, ಸೆಟ್ಟಿಂಗ್‌ನಲ್ಲಿ ಇಲ್ಲವೇ ನಮ್ಮ ಕೈಯಲ್ಲಿ. ಇದನ್ನು ತೀರ್ಮಾನಿಸದೆ ಮುಂದೆ ಹೋಗಬೇಡಿ. ನಾನು ಕಂಡ ಹಾಗೆ ರಿಪೇರಿಗೆಂದು ಹೊರಟ ಅರ್ಧದಷ್ಟು ಲೆನ್ಸ್‌ಗಳು ಇಲ್ಲಿಂದಲೇ ವಾಪಸು ಮನೆಗೆ ಹೋಗಬಹುದು.

ಕ್ಯಾಮೆರಾದಲ್ಲಿ ಚಂದ, ಕಳಿಸಿದ ಮೇಲೆ ಮಸುಕು

24 ಮೆಗಾಪಿಕ್ಸೆಲ್ ಫೋಟೊ ಅಂದರೆ 6000 x 4000 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ರೀತಿಯಲ್ಲಿ ಕಳಿಸಿದರೆ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಲೆಕ್ಕ ಹಾಕಿ: ಹದಿನಾಲ್ಕು ಪಾಲಿನಲ್ಲಿ ಉಳಿಯುವುದು ಒಂದು ಪಾಲು. ಅದರ ಮೇಲೆ ಒತ್ತಿ ಚಿಕ್ಕದು ಮಾಡುವ ಕೆಲಸ ಬೇರೆ. ಗ್ರೂಪಿನಿಂದ ಇಳಿಸಿಕೊಂಡ ಫೋಟೊವನ್ನು ಇನ್ನೊಬ್ಬರು ಎಡಿಟ್ ಮಾಡಿ ಮತ್ತೆ ಹಾಕಿದರೆ ಗೋಳು ಇಮ್ಮಡಿ.

ಮೊದಲು ಮಾಡಬೇಕಾದ್ದು: ಕಳಿಸುವಾಗ ಮೇಲೆ ಕಾಣುವ ಎಚ್‌ಡಿ ಗುಂಡಿ ಒತ್ತಿ, 2023ರಿಂದ ಈ ಸೌಲಭ್ಯ ಉಂಟು. ಅದೂ ಸಾಲದಿದ್ದರೆ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲ್ ಇದ್ದ ಹಾಗೇ ಹೋಗುತ್ತದೆ. ಒಂದು ಎಚ್ಚರಿಕೆ: ಇದ್ದ ಹಾಗೇ ಹೋಗುವಾಗ ಫೈಲಿನೊಳಗೆ ದಾಖಲಾದ ಜಾಗದ ಮಾಹಿತಿಯೂ ಜೊತೆಗೇ ಹೋಗುತ್ತದೆ. ಫೋನಿಗೆ ಜೋಡಿಸಿದ ಕ್ಯಾಮೆರಾ ಜಿಪಿಎಸ್ ಗುರುತು ಹಾಕಿದ್ದರೆ ನಿಮ್ಮ ಮನೆ ಅಂಗಳ ಯಾವುದೆಂದು ಅಪರಿಚಿತರಿಗೂ ತಿಳಿಯುತ್ತದೆ. ಮನೆ, ಮಕ್ಕಳ ಫೋಟೊ ಆದರೆ ಅದನ್ನು ತೆಗೆದು ಕಳಿಸಿ.

ಎರಡನೇ ಅನುಮಾನ ಕ್ಯಾಮೆರಾ ಕಂಪನಿಯ ಆ್ಯಪ್ ಮೇಲೆ. ವೈಫೈ ಮೂಲಕ ಫೋನಿಗೆ ಇಳಿಸುವಾಗ ಕೆಲವು ಆ್ಯಪ್‌ಗಳು ತಾವಾಗಿಯೇ 2 ಮೆಗಾಪಿಕ್ಸೆಲ್‌ಗೆ ಕುಗ್ಗಿಸುತ್ತವೆ. ಸೆಟ್ಟಿಂಗ್‌ನಲ್ಲಿ "ಮೂಲ ಗಾತ್ರ" ಎಂಬುದನ್ನು ಆರಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಒಂದು ಟೈಪ್-ಸಿ ಕಾರ್ಡ್ ರೀಡರ್ ವಾಸಿ. ಫೋನಿಗೆ ಚುಚ್ಚಿದರೆ ಆಯಿತು, ವೈಫೈ ಜೊತೆ ಜಗಳ ಇಲ್ಲ.

ಇನ್‌ಸ್ಟಾಗ್ರಾಮ್‌ಗೆ ಹಾಕುವವರು ಅಗಲ 1080 ಪಿಕ್ಸೆಲ್‌ಗೆ ತಾವೇ ಇಳಿಸಿ, ಇಳಿಸಿದ ಮೇಲೆ ಕೊಂಚ ಶಾರ್ಪನ್ ಮಾಡಿ ಹಾಕಿದರೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ.

ಬಣ್ಣ ಸತ್ತಂತೆ ಕಾಣುತ್ತದೆ, ಪ್ರಿಂಟ್ ಕಪ್ಪಾಗಿ ಬರುತ್ತದೆ

ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್ (ಫೋಟೊದಲ್ಲಿ ಎಷ್ಟು ಬಣ್ಣ ಹಿಡಿಸಬೇಕು ಎಂಬ ಆಯ್ಕೆ) ನೋಡಿ. ಅಡೋಬ್ ಆರ್‌ಜಿಬಿ ಎಂದಿದ್ದರೆ ಎಸ್‌ಆರ್‌ಜಿಬಿಗೆ ಬದಲಿಸಿ. ಮೊದಲನೆಯದು ದೊಡ್ಡ ಬಣ್ಣದ ಪೆಟ್ಟಿಗೆ, ನಿಜ. ಆದರೆ ಅದನ್ನು ಓದಲು ತಿಳಿಯದ ಆ್ಯಪ್ ಅಥವಾ ಪ್ರಿಂಟಿಂಗ್ ಲ್ಯಾಬ್ ಕೈಗೆ ಸಿಕ್ಕಿದರೆ ಮಲ್ಲಿಗೆ ಜಲ್ಲೆಯ ಪಕ್ಕದ ಕನಕಾಂಬರವೂ ಬಾಡಿದಂತೆ ಕಾಣುತ್ತದೆ. ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯುವವರಿಗೆ ಕೆಮ್ಮಣ್ಣಿನ ಬಣ್ಣ ಪೇಲವವಾಗಿ ಕಂಡರೆ ಗಾಬರಿ ಬೇಡ, ರಾ ಇರುವುದೇ ಹಾಗೆ, ಅದು ಇನ್ನೂ ಒಗ್ಗರಣೆ ಹಾಕದ ಸಾರು.

ಪ್ರಿಂಟ್ ಕಪ್ಪಾದರೆ ಎಡಿಟ್ ಮಾಡಿದ ಪರದೆಯ ಬೆಳಕು ಜಾಸ್ತಿ ಇತ್ತು ಎಂದು ಅರ್ಥ. ಪರದೆಯನ್ನು ಅರ್ಧಕ್ಕೆ ಇಳಿಸಿ, ಕಣ್ಣನ್ನಲ್ಲ, ಚಿತ್ರದ ಬೆಳಕು ಕತ್ತಲೆಯ ಲೆಕ್ಕ ತೋರಿಸುವ ಹಿಸ್ಟೊಗ್ರಾಮ್ ಗ್ರಾಫನ್ನು ನಂಬಿ.

ಇನ್ನೊಂದು ದೂರು ಮೈಕ್ರೊ ಫೋರ್ ಥರ್ಡ್ಸ್ ಇಟ್ಟುಕೊಂಡವರದ್ದೇ: "ಸ್ಟುಡಿಯೊದವರು ತಲೆ ಕತ್ತರಿಸಿದರು." ಅವರು ಕತ್ತರಿಸಿದ್ದಲ್ಲ. ನಿಮ್ಮ ಚೌಕಟ್ಟು 4:3, ನಾಲ್ಕು-ಆರು ಇಂಚಿನ ಕಾಗದ 3:2. ಎತ್ತರದಲ್ಲಿ ನೂರಕ್ಕೆ ಹನ್ನೊಂದರಷ್ಟು ಹೋಗಲೇಬೇಕು. ಮದುವೆ ಗ್ರೂಪ್ ಫೋಟೊದಲ್ಲಿ ಅದು ಹಿಂದಿನ ಸಾಲಿನವರ ಹಣೆ. ಮೊದಲೇ ನೀವೇ ಕ್ರಾಪ್ ಮಾಡಿ ಕೊಡಿ, ಅಥವಾ ತೆಗೆಯುವಾಗಲೇ ಮೇಲೆ ಕೆಳಗೆ ಜಾಗ ಬಿಡಿ.

ಇಡೀ ಚಿತ್ರದ ಮೇಲೆ ಹಾಲು ಹರಡಿದಂತೆ ಮಂಜು

ನಮ್ಮೂರಿನ ನಿಜವಾದ ರೋಗ ಇದು. ಕಾರಣ ನಾಲ್ಕು, ಅಗ್ಗದಿಂದ ದುಬಾರಿಗೆ ಹೋಗೋಣ.

ಮೊದಲನೆಯದು ಬೆರಳ ಗುರುತು. ಲೆನ್ಸ್‌ನ ಮುಂದಿನ ಗಾಜನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎಣ್ಣೆಯ ಕಾಮನಬಿಲ್ಲು ಕಾಣುತ್ತದೆ. ಹಿಂದಿನ ಗಾಜನ್ನೂ ನೋಡಿ, ಅದರ ಮೇಲಿನ ಸಣ್ಣ ಗುರುತು ಮುಂದಿನದಕ್ಕಿಂತ ಹೆಚ್ಚು ಕಾಡುತ್ತದೆ.

ಎರಡನೆಯದು ಉಪ್ಪು. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಗಾಳಿ ಜೋರಿದ್ದ ಸಂಜೆ ಒಂದು ಗಂಟೆ ನಿಂತು ಬಂದರೆ ಗಾಜಿನ ಮೇಲೆ ಬೂದಿ ಬಣ್ಣದ ತೆಳು ಪೊರೆ ಕೂತಿರುತ್ತದೆ. ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ, ಒಣಗಿದ ಹನಿಗಳ ಉಂಗುರ. ಇದನ್ನು ಅಂಗಿಯ ತುದಿಯಿಂದ ಒಣಗಿದ್ದ ಹಾಗೇ ಉಜ್ಜಬೇಡಿ. ಉಪ್ಪಿನ ಜೊತೆ ಮರಳೂ ಇರುತ್ತದೆ, ಗಾಜಿನ ಲೇಪ ಗೀರುತ್ತದೆ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಆಮೇಲೆ ಮೈಕ್ರೊಫೈಬರ್ ಬಟ್ಟೆಗೆ ಲೆನ್ಸ್ ದ್ರಾವಣ ಒಂದು ಹನಿ ಹಾಕಿ (ಗಾಜಿನ ಮೇಲೆ ನೇರ ಸುರಿಯಬೇಡಿ), ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ಲೆನ್ಸ್‌ನ ಹೊರಮೈ, ಜೂಮ್ ಉಂಗುರವನ್ನು ಸಿಹಿನೀರಿನಲ್ಲಿ ಅದ್ದಿ ಗಟ್ಟಿ ಹಿಂಡಿದ ಬಟ್ಟೆಯಿಂದ ಒರೆಸಿ. ಬೀಚಿಗೆ ಹೋಗುವಾಗ ಮಾತ್ರ ಯುವಿ ಫಿಲ್ಟರ್ ಹಾಕುವುದು ಬುದ್ಧಿವಂತಿಕೆ, ರಾತ್ರಿ ದೀಪದಡಿ ಅದನ್ನು ತೆಗೆದಿಡಿ, ಇಲ್ಲದಿದ್ದರೆ ದೀಪಗಳ ಪ್ರತಿಬಿಂಬ ಚಿತ್ರದಲ್ಲಿ ತೇಲುತ್ತದೆ.

ಮೂರನೆಯದು ಬೆವರು, ಲೆನ್ಸ್‌ನದ್ದು. ಎಸಿ ಕಾರಿನಿಂದ ಇಳಿದು ಕಾಪು ದೀಪಸ್ತಂಭದ ಎದುರು ಕ್ಯಾಮೆರಾ ಎತ್ತಿದ ಕೂಡಲೇ ಎಲ್ಲ ಬೆಳ್ಳಗೆ. ತಣ್ಣಗಿನ ಗಾಜಿಗೆ ತೇವದ ಬಿಸಿಗಾಳಿ ತಾಗಿದ್ದು, ಅಷ್ಟೇ. ಒರೆಸಿದರೆ ಮತ್ತೆ ಕಟ್ಟುತ್ತದೆ. ಲೆನ್ಸ್ ಬಿಚ್ಚಲೇಬೇಡಿ, ಬಿಚ್ಚಿದರೆ ಸೆನ್ಸರ್ ಮೇಲೂ ಕಟ್ಟುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಾಯುವುದೇ ಮದ್ದು. ಮುಂದಿನ ಸಲ ಎಸಿಯಿಂದ ಹೊರಡುವ ಮೊದಲು ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಹಾಕಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಕವರ್ ತೆರೆಯಿರಿ.

ನಾಲ್ಕನೆಯದು ಬೂಷ್ಟು. ಫಂಗಸ್ ಅಂದರೆ ಎಲ್ಲರಿಗೂ ಗೊತ್ತು, ಕಂಡವರು ಕಡಿಮೆ. ಕತ್ತಲೆ ಕೋಣೆಯಲ್ಲಿ ಲೆನ್ಸ್‌ನ ಎರಡೂ ಮುಚ್ಚಳ ತೆಗೆದು, ಫೋನಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಚುಕ್ಕಿಗಳು ಕಂಡರೆ ಅದು ಧೂಳು. ಹೊಸ ಲೆನ್ಸ್‌ನಲ್ಲೂ ಇರುತ್ತದೆ, ಚಿತ್ರಕ್ಕೆ ತೊಂದರೆ ಇಲ್ಲ. ಜೇಡರ ಬಲೆಯ ಎಳೆಯಂತೆ, ಅಂಚಿನಿಂದ ಒಳಗೆ ಕವಲೊಡೆಯುತ್ತಾ ಹೋದ ಬಿಳಿ ನೂಲು ಕಂಡರೆ ಅದೇ ಬೂಷ್ಟು. ನನ್ನ ಹಳೇ 50 ಮಿ.ಮೀ. ಲೆನ್ಸ್‌ನಲ್ಲಿ ಅದು ಥೇಟ್ ಮಳೆಗಾಲದಲ್ಲಿ ಕಪಾಟಿನ ಚರ್ಮದ ಚಪ್ಪಲಿಗೆ ಹಿಡಿದ ಹಾಗೇ ಇತ್ತು. ಚಪ್ಪಲಿಯನ್ನಾದರೂ ತೊಳೆದೆ.

ಇಲ್ಲಿ ನಿಲ್ಲಿ. ಯೂಟ್ಯೂಬ್ ನೋಡಿ ಲೆನ್ಸ್ ಬಿಚ್ಚಬೇಡಿ. ಒಳಗಿನ ಗಾಜುಗಳ ನೇರ ಒಮ್ಮೆ ತಪ್ಪಿದರೆ ಚಿತ್ರದ ಒಂದು ಬದಿ ಶಾಶ್ವತವಾಗಿ ಮಸುಕು. ಬಿಸಿಲಿಗೆ ಇಟ್ಟರೆ ಹೋಗುತ್ತದೆ ಎನ್ನುವವರು ಇದ್ದಾರೆ. ತೇವ ಆರಬಹುದು, ಬೆಳವಣಿಗೆ ನಿಲ್ಲಬಹುದು, ಆದರೆ ಗಾಜಿನ ಲೇಪವನ್ನು ಅದು ಆಗಲೇ ತಿಂದಿದ್ದರೆ ಆ ಗುರುತು ಹೋಗುವುದಿಲ್ಲ. ಮುಚ್ಚಳ ಇಲ್ಲದ ಲೆನ್ಸ್ ಬಿಸಿಲಿನಲ್ಲಿ ಭೂತಗನ್ನಡಿಯೇ ಆಗಿಬಿಡುತ್ತದೆ, ಹಿಂದೆ ಬಟ್ಟೆ ಕಾಗದ ಇದ್ದರೆ ಹೊತ್ತಿಕೊಳ್ಳಬಹುದು. ಬೂಷ್ಟು ಅಂಚಿನಲ್ಲಷ್ಟೇ ಇದ್ದರೆ ಬೇಗ ಸರ್ವಿಸ್‌ಗೆ ಕೊಡಿ, ಅಷ್ಟು ದಿನ ಉಳಿದ ಲೆನ್ಸ್‌ಗಳಿಂದ ದೂರ ಇಡಿ. ನಡುವೆ ಹರಡಿದ್ದರೆ ಸ್ವಚ್ಛ ಮಾಡುವ ಖರ್ಚನ್ನು ಮೊದಲೇ ಕೇಳಿ. ಕ್ಯಾಮೆರಾ ಜೊತೆಗೇ ಬರುವ ಅಗ್ಗದ ಕಿಟ್ ಲೆನ್ಸ್ ಆದರೆ ಇನ್ನೊಂದು ಕೊಳ್ಳುವುದೇ ಲಾಭ.

ಇದು ಬಾರದಂತೆ ತಡೆಯುವುದು ಕಷ್ಟವಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ, ಬಟ್ಟೆ ಕಪಾಟಿನಲ್ಲಿ ಇಡಬೇಡಿ. ಡ್ರೈ ಕ್ಯಾಬಿನೆಟ್ (ತೇವ ಹೀರುವ ಕರೆಂಟಿನ ಕಪಾಟು) ಇದ್ದರೆ ತೇವಾಂಶ 40ರಿಂದ 50 ಶೇಕಡಾಕ್ಕೆ ಇಡಿ. ಇಲ್ಲದಿದ್ದರೆ ಅಡುಗೆಮನೆಯ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ಸಣ್ಣದೊಂದು ತೇವಮಾಪಕ. ನೀಲಿ ಹರಳು ಗುಲಾಬಿ ಆದರೆ ತೇವ ತುಂಬಿತು ಎಂದು ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಆದರೆ ಆ ನೀಲಿ ಬಣ್ಣ ಕೋಬಾಲ್ಟ್‌ನದ್ದು, ವಿಷ. ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತನ್ನಿ. ಇದಕ್ಕಿಂತಲೂ ದೊಡ್ಡ ಮದ್ದು ವಾರಕ್ಕೊಮ್ಮೆಯಾದರೂ ಕ್ಯಾಮೆರಾ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆಯುವುದು.

ಆಕಾಶದಲ್ಲಿ ಯಾವಾಗಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕಿ

ಲೆನ್ಸ್ ಬದಲಿಸಿ ನೋಡಿ. ಚುಕ್ಕಿ ಅಲ್ಲೇ ಇದ್ದರೆ ಸೆನ್ಸರ್ ಮೇಲಿನ ಧೂಳು. ಖಚಿತ ಮಾಡಿಕೊಳ್ಳಲು ಲೆನ್ಸ್‌ನ ಕಿಂಡಿಯನ್ನು ಎಫ್/16ಕ್ಕೆ ಇಟ್ಟು (ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಬರುವ ಕಿಂಡಿ ಸಣ್ಣದು), ಫೋಕಸ್ ತಪ್ಪಿಸಿ, ಬರಿ ಆಕಾಶದ್ದೋ ಬಿಳಿ ಗೋಡೆಯದ್ದೋ ಒಂದು ಫೋಟೊ ತೆಗೆಯಿರಿ. ಸೇಂಟ್ ಮೇರೀಸ್ ದ್ವೀಪದಲ್ಲಿ ಆ ಕಂಬದಂತಹ ಕಲ್ಲುಗಳ ನಡುವೆ ಲೆನ್ಸ್ ಬದಲಿಸಿದವರಿಗೆ ಈ ಪರೀಕ್ಷೆ ಬೇಕಾಗುವುದೇ ಇಲ್ಲ, ಹಾಗೇ ಕಾಣುತ್ತದೆ.

ಮೊದಲು ಕ್ಯಾಮೆರಾದ ಮೆನುವಿನಲ್ಲಿರುವ ಸೆನ್ಸರ್ ಕ್ಲೀನಿಂಗ್ ನಾಲ್ಕೈದು ಸಲ ಓಡಿಸಿ. ಹೋಗದಿದ್ದರೆ ಲೆನ್ಸ್ ತೆಗೆದು, ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ಬ್ಲೋವರ್‌ನಿಂದ ಊದಿ. ತುದಿ ಸೆನ್ಸರ್‌ಗೆ ತಾಗಬಾರದು. ಬಾಯಿಯಿಂದ ಊದಬೇಡಿ, ಎಂಜಲು ಹಾರುತ್ತದೆ. ಡಬ್ಬಿಯ ಒತ್ತಡದ ಗಾಳಿಯಂತೂ ಬೇಡವೇ ಬೇಡ, ಅದರೊಳಗಿನ ದ್ರವ ಗಾಜಿಗೆ ಸಿಡಿಯುತ್ತದೆ. ಎಲ್ಲಿ ಊದಬೇಕು ಎಂದು ಹುಡುಕುವವರಿಗೆ ಒಂದು ಸುಳಿವು: ಕ್ಯಾಮೆರಾವನ್ನು ನೆಟ್ಟಗೆ ನಿಮ್ಮ ಕಡೆ ಮುಖ ಮಾಡಿ ಹಿಡಿದರೆ, ಚಿತ್ರದ ಮೇಲೆ ಎಡಕ್ಕೆ ಕಂಡ ಚುಕ್ಕಿ ಸೆನ್ಸರ್‌ನ ಕೆಳಗೆ ಎಡಕ್ಕೆ ಇರುತ್ತದೆ. ಮೇಲೆ ಕೆಳಗೆ ಮಾತ್ರ ಅದಲುಬದಲು.

ಊದಿದರೂ ಹೋಗದ, ಅಂಚು ಉಂಗುರದಂತಿರುವ ಕಲೆ ಅಂದರೆ ಒಣಗಿದ ಹನಿ ಇಲ್ಲವೇ ಎಣ್ಣೆ. ಅದಕ್ಕೆ ಸೆನ್ಸರ್ ಅಳತೆಯದ್ದೇ ಸ್ವಾಬ್ (ಒರೆಸುವ ಮೆತ್ತನೆ ಕಡ್ಡಿ) ಬೇಕು. ಕೈ ನಡುಗುವವರು, ಬೆಳಕು ಸಾಲದವರು ಇಲ್ಲೇ ನಿಲ್ಲಿಸಿ ಸರ್ವಿಸ್‌ಗೆ ಕೊಡಿ. ಕಿವಿಗೆ ಹಾಕುವ ಹತ್ತಿಕಡ್ಡಿ ಯಾರೂ ಹಾಕಬೇಡಿ.

ಯಕ್ಷಗಾನ ಆಟದ ಫೋಟೊದಲ್ಲಿ ಅಡ್ಡಪಟ್ಟಿ, ಕಿರೀಟ ಕೆಂಪು ಮುದ್ದೆ

ಮೆಹಂದಿ ರಾತ್ರಿಗೂ ಯಕ್ಷಗಾನಕ್ಕೂ ಇದೇ ತೊಂದರೆ. ನಮ್ಮ ಕರೆಂಟು 50 ಹರ್ಟ್ಜ್. ಅಂದರೆ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಕಣ್ಣಿಗೆ ಕಾಣದು, ಸೆನ್ಸರ್‌ಗೆ ಕಾಣುತ್ತದೆ. ಶಬ್ದ ಬಾರದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ ಹಾಕಿದ್ದೀರಾ? ಅದು ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಓದಲು 1/20 ಸೆಕೆಂಡ್ ಹಿಡಿದರೆ ಅಷ್ಟರೊಳಗೆ ದೀಪ ಐದು ಸಲ ಮಂಕಾಗುತ್ತದೆ, ಭಾಗವತರ ಮೇಲೆ ಐದು ಪಟ್ಟಿ ಬೀಳುತ್ತದೆ. ಚೆಂಡೆ ಕೋಲು ಬಾಗಿದಂತೆ ಕಾಣುವುದೂ ಇದರಿಂದಲೇ.

ಪರಿಹಾರ: ಮೆಕ್ಯಾನಿಕಲ್ ಶಟರ್‌ಗೆ ಬನ್ನಿ. ದೀಪದ ಮಿಣುಕಿಗೆ ಹೊಂದಿಸಿ ತೆಗೆಯುವ ಆಂಟಿ-ಫ್ಲಿಕರ್ ಇದ್ದರೆ ಹಾಕಿ. ವೇಷ ನಿಂತು ಅರ್ಥ ಹೇಳುವಾಗ ಶಟರ್ ವೇಗ 1/100 ಸೆಕೆಂಡ್ ಸಾಕು, ದೀಪದ ಒಂದು ಸುತ್ತು ಪೂರ್ತಿ ಸಿಗುತ್ತದೆ, ಪಟ್ಟಿ ಇರುವುದಿಲ್ಲ. ಗಿರಗಿರ ಸುತ್ತಿ ಧೀಂಗಿಣ ಹೊಡೆಯುವಾಗ 1/500 ಬೇಕೇ ಬೇಕು, ಆಗ ನಾಲ್ಕರಲ್ಲಿ ಒಂದು ಮಂಕಾದರೆ ಆಗಲಿ ಎಂದು ಒಟ್ಟಿಗೆ ಹತ್ತು ತೆಗೆಯಿರಿ. ಎಫ್/1.8 ಲೆನ್ಸ್ ಇದ್ದವರು ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 3200ರ ಆಸುಪಾಸಿನಲ್ಲಿ ನಿಭಾಯಿಸಬಹುದು. ಕಾಳುಕಾಳಾಗಿ ಬಂದರೂ ಅಡ್ಡಿಯಿಲ್ಲ, ನಡುಗಿದ ಫೋಟೊಗೆ ಮದ್ದಿಲ್ಲ, ಕಾಳಿಗೆ ಉಂಟು.

ಕಿರೀಟದ ಕೆಂಪು, ನೀಲಿ ದೀಪ ಬಿದ್ದ ಮುಖ ಮುದ್ದೆಯಾದರೆ ಆ ಒಂದು ಬಣ್ಣ ತುಂಬಿ ಚೆಲ್ಲಿದೆ ಎಂದು ಅರ್ಥ. ಒಟ್ಟು ಬೆಳಕು ಸರಿಯಾಗಿದೆ ಎಂದು ಕ್ಯಾಮೆರಾ ಹೇಳಿದರೂ ನಂಬಬೇಡಿ. ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್ (ಅಂದರೆ ಬೆಳಕನ್ನು ಅರ್ಧಕ್ಕೆ) ಇಳಿಸಿ, ರಾದಲ್ಲಿ ತೆಗೆದು, ನೆರಳನ್ನು ಆಮೇಲೆ ಎತ್ತಿ.

ಮುಖ ಮಸುಕು, ವೇದಿಕೆಯ ಪರದೆ ಸ್ಪಷ್ಟ

ಲೆನ್ಸ್ ದೋಷ ಅಲ್ಲ, ಫೋಕಸ್ ಬೇರೆ ಕಡೆ ಕೂತಿದೆ. ಮುಖ ಗುರುತಿಸುವ ಸೌಲಭ್ಯ ನೆಂಟರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣದ ವೇಷದ ಚುಟ್ಟಿ (ಬಿಳಿ ಚುಕ್ಕಿಗಳ ಅಲಂಕಾರ) ಇಟ್ಟ ಮುಖವನ್ನು ನನ್ನ ಕ್ಯಾಮೆರಾ ಎಷ್ಟೋ ಸಲ ಮುಖವೆಂದೇ ಒಪ್ಪಲಿಲ್ಲ, ಪಕ್ಕದ ಮದ್ದಳೆಯವರ ಕಡೆ ಓಡಿತು. ಅಂತಲ್ಲಿ ಒಂದೇ ಸಣ್ಣ ಚೌಕವನ್ನು ಕಣ್ಣಿನ ಮೇಲೆ ಇಡಿ.

ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದ್ದು. ಎಲ್ಲವೂ ಒಂದೇ ಸಮ ಮೆತ್ತಗಿದ್ದರೆ ಎಫ್/16, ಎಫ್/22ಕ್ಕೆ ಹೋಗಿದ್ದೀರಿ. ಸಣ್ಣ ಸೆನ್ಸರ್‌ನಲ್ಲಿ ಎಫ್/8 ದಾಟಿದ ಮೇಲೆ ಗಾಜು ಎಷ್ಟೇ ಒಳ್ಳೆಯದಿದ್ದರೂ ಬೆಳಕೇ ಹರಡಿಕೊಳ್ಳುತ್ತದೆ. ಒಂದು ಬದಿ ಮಾತ್ರ ಮಸುಕಾಗಿದ್ದರೆ ಗೋಡೆಗೆ ದಿನಪತ್ರಿಕೆ ಅಂಟಿಸಿ, ಟ್ರೈಪಾಡ್ ಮೇಲೆ ಕ್ಯಾಮೆರಾ ನೇರ ಇಟ್ಟು, ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ಸೌಲಭ್ಯ) ಆಫ್ ಮಾಡಿ, 2 ಸೆಕೆಂಡ್ ಟೈಮರ್‌ನಲ್ಲಿ ತೆಗೆಯಿರಿ. ಪತ್ರಿಕೆಯ ಅದೇ ಮೂಲೆ ಮತ್ತೆ ಮತ್ತೆ ಕರಗಿದಂತೆ ಬಂದರೆ ಲೆನ್ಸ್‌ನ ಒಳಗಿನ ಗಾಜು ಓರೆಯಾಗಿದೆ. ಅದು ಸರ್ವಿಸ್ ಸೆಂಟರ್ ಕೆಲಸ.

ಲೆನ್ಸ್ ಹಾಕಿದ್ದರೂ "ಲೆನ್ಸ್ ಇಲ್ಲ" ಎನ್ನುತ್ತದೆ

ಆಫ್ ಮಾಡಿ, ಬ್ಯಾಟರಿ ತೆಗೆದು, ಲೆನ್ಸ್ ಬಿಚ್ಚಿ ಟಿಕ್ ಎನ್ನುವ ತನಕ ತಿರುಗಿಸಿ ಮತ್ತೆ ಹಾಕಿ. ಆಗದಿದ್ದರೆ ಚಿನ್ನದ ಬಣ್ಣದ ಆ ಸಣ್ಣ ಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸಿ. ಉಪ್ಪುಗಾಳಿಗೆ ಅವು ಮಂಕಾಗುತ್ತವೆ. ರಬ್ಬರ್‌ನಿಂದ ಉಜ್ಜುವವರಿದ್ದಾರೆ, ಪುಡಿ ಕ್ಯಾಮೆರಾ ಒಳಗೆ ಬೀಳುತ್ತದೆ, ಲೇಪವೂ ಸವೆಯುತ್ತದೆ. ಹಸಿರು ಕಿಲುಬು ಕಂಡರೆ ಕೈ ಹಾಕಬೇಡಿ.

ಕಾರ್ಡ್ ಓದುತ್ತಿಲ್ಲ, ಫೋಟೊ ಅಳಿದುಹೋಯಿತು

ಕಾರ್ಡಿನ ಬದಿಯ ಲಾಕ್ ಕೆಳಗಿಳಿದಿದೆಯೇ ನೋಡಿ. ಬೇರೆ ರೀಡರ್‌ನಲ್ಲಿ ಹಾಕಿ. "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ಅಳಿಸಿಹೋಗಿದ್ದರೆ ಆ ಕಾರ್ಡಿನಲ್ಲಿ ಇನ್ನೊಂದೂ ಫೋಟೊ ತೆಗೆಯದೆ ಹೊರಗಿಡಿ. ಮೇಲೆ ಬೇರೆ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ, ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಬಹುಪಾಲು ವಾಪಸು ಬರುತ್ತದೆ.

ಇಲ್ಲಿ ಪರೀಕ್ಷೆ ಬೇಡ, ನೇರ ನಿಲ್ಲಿಸಿ

ಕಡಲ ನೀರು ಹೊಕ್ಕಿದರೆ: ಆನ್ ಮಾಡಿ ನೋಡಬೇಡಿ. ಬ್ಯಾಟರಿ, ಕಾರ್ಡ್ ತೆಗೆಯಿರಿ, ಹೊರಗಿನ ನೀರು ಒರೆಸಿ, ಅದೇ ದಿನ ಸರ್ವಿಸ್‌ಗೆ ಮುಟ್ಟಿಸಿ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಉಪ್ಪು ಹೊರಬರುವುದಿಲ್ಲ, ಅಕ್ಕಿಯ ಪುಡಿ ಒಳಹೋಗುತ್ತದೆ. ಎಷ್ಟು ದಿನ ತಡವೋ ಅಷ್ಟು ತುಕ್ಕು.

ಬ್ಯಾಟರಿ ಉಬ್ಬಿ ಗೂಡಿನಿಂದ ಬರಲು ಒಪ್ಪದಿದ್ದರೆ: ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಚಾರ್ಜ್‌ಗೆ ಹಾಕಬೇಡಿ. ತೂತಾದರೆ ಬೆಂಕಿ ಹತ್ತುತ್ತದೆ.

ಬೀಚಿನಲ್ಲಿ ಕ್ಯಾಮೆರಾವನ್ನು ಕಣ್ಣಿಟ್ಟು ನೋಡುವ ಕಿಂಡಿ ಸೂರ್ಯನ ಕಡೆ ತಿರುಗಿದ ಹಾಗೆ ಬಿಟ್ಟು ಚರುಮುರಿ ತರಲು ಹೋಗಬೇಡಿ. ಆ ಕಿಂಡಿಯ ಗಾಜು ಬಿಸಿಲನ್ನು ಒಳಗಿನ ಸಣ್ಣ ಪರದೆಯ ಮೇಲೆ ಕೂಡಿಸಿ ಸುಡುತ್ತದೆ.

ಸರ್ವಿಸ್‌ಗೆ ಕೊಡುವಾಗ ಕ್ಯಾಮೆರಾ, ದೋಷ ಕಂಡ ಲೆನ್ಸ್ ಎರಡನ್ನೂ ಒಯ್ಯಿರಿ. ಗೋಡೆಯ ಪತ್ರಿಕೆಯ ಫೋಟೊ, ಬರಿ ಆಕಾಶದ ಫೋಟೊ ಮೂಲ ಫೈಲ್ ರೂಪದಲ್ಲೇ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ಕೌಂಟರ್‌ನಲ್ಲಿ ಲೆನ್ಸ್‌ನ ಸೀರಿಯಲ್ ನಂಬರ್ ರಸೀದಿಯಲ್ಲಿ ಬರೆಸಿಕೊಳ್ಳಿ. ಗ್ರೂಪಿಗೆ ಹಾಕಿದ ಫೋಟೊ ತೋರಿಸಿ "ನೋಡಿ, ಹೇಗೆ ಬಂದಿದೆ" ಎಂದರೆ ಅಲ್ಲಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಭಾವ ಅದನ್ನೇ ಮಾಡಲು ಹೊರಟಿದ್ದರು.